ಕೇರಿ ಗ್ರಾಂಟನ ಸಲುವಾಗಿ ಹೋದ ಮೀಸೆ

ಇದನ್ನು ಬರೆಯುತ್ತಿರುವಾಗ ನನ್ನ ಮೂಗಿನ ಕೆಳಗೆ ಏನೂ ಇಲ್ಲ. ಒಂದೇ ಒಂದು ಸಲ ಬಿಟ್ಟರೆ, ಹದಿನೆಂಟನೆಯ ವಯಸ್ಸಿನಿಂದ ಅಲ್ಲೊಂದು ಮೀಸೆ ಇತ್ತು. ಮುರುಮದ ಸಂತೆಯಲ್ಲಿ ನನ್ನ ಕುರಿಗಳಿಗಿಂತ ಅದಕ್ಕೇ ಹೆಚ್ಚು ಹೆಸರು. ನಾನು ಮೊದಲೇ ನಗುಮೊಗದವನಲ್ಲ. ಜೋತುಬಿದ್ದ ತುಟಿಯನ್ನು ಇಷ್ಟು ವರ್ಷ ಆ ಮೀಸೆಯೇ ಮುಚ್ಚಿಟ್ಟಿತ್ತು. ಈಗ ನನ್ನ ದುಃಖ ಇಡೀ ಊರಿಗೆ ಕಾಣುತ್ತಿದೆ.

ಇದಕ್ಕೆ ಮೂಲ ನನ್ನ ಮಗಳು ಕಾಜಲಳ ಕಾಲೇಜು. ಉಮರಗಾದಲ್ಲಿ ಬಿ.ಎ. ಓದುತ್ತಾಳೆ. ಹಳೆಯ ಹಾಲಿವುಡ್ಡಿನ ಇಬ್ಬರು ನಾಯಕರನ್ನು ಹೋಲಿಸಿ ಹತ್ತು ಪುಟ ಬರೆದು ತಾ ಎಂದು ಅವಳ ಸರ್ ಹೇಳಿದರಂತೆ. ಅವಳು ಮೀಸೆಯ ಕ್ಲಾರ್ಕ್ ಗೇಬಲ್ ಮತ್ತು ಮೀಸೆಯಿಲ್ಲದ ಕೇರಿ ಗ್ರಾಂಟ್ ಎಂಬಿಬ್ಬರನ್ನು ಆರಿಸಿದಳು. ಒಂದು ವಾರ ಅವರ ಹಳೆಯ ಸಿನಿಮಾ ಓಡಿ ನಮ್ಮ ಟಿ.ವಿ.ಯಲ್ಲಿ ಬಣ್ಣವೇ ಇರಲಿಲ್ಲ. ನನ್ನ ಹೆಂಡತಿ ಮಾಣಿಕಮ್ಮ ತೊಗರಿಬೇಳೆ ಆರಿಸುತ್ತ ಪಕ್ಕದಲ್ಲಿ ಕೂತು ಎಲ್ಲವನ್ನೂ ನೋಡಿದಳು. (ಮಾತು ಒಂದಕ್ಷರ ತಿಳಿಯದು. ಬೇಳೆಯಲ್ಲಿ ಕಲ್ಲೂ ಹಾಗೇ ಉಳಿಯಿತು. ಅದು ನನ್ನ ಹಲ್ಲಿಗೆ ಗೊತ್ತು.)

ಎಂಟನೆಯ ದಿನ ಕಾಜಲ ಪೆನ್ನು ಹಿಡಿದು ಮತ ಕೇಳಿದಳು.

"ಗೇಬಲ್," ಎಂದೆ ನಾನು. "ಅವನಿಗಿ ಮೀಸಿ ಅದ. ಗಂಡಸು ಅಂದ್ರ ಅಂವ."

"ಅವ್ವಾ, ನಿನಗ?"

"ನನಗ ಆ ನುಣುಪ ಮಾರಿಯಾಂವ," ಎಂದಳು ಮಾಣಿಕಮ್ಮ, ಬೇಳೆಯಿಂದ ತಲೆ ಎತ್ತದೆ. "ಭಾಳ ಛಂದ ಅದಾನ."

ಭಾಳ ಛಂದ! ಮದುವೆಯಾಗಿ ಇಪ್ಪತ್ತೇಳು ವರ್ಷ. ನನ್ನ ಮುಖದ ಬಗ್ಗೆ ಈಕೆ ಒಳ್ಳೆಯದೂ ಅಂದಿಲ್ಲ, ಕೆಟ್ಟದ್ದೂ ಅಂದಿಲ್ಲ. ಕುರಿ ಕೊಳ್ಳುವಾಗಲಾದರೂ ಬಾಯಿ ತೆರೆದು ಹಲ್ಲು ನೋಡುತ್ತಾರೆ; ನನ್ನನ್ನು ಅಷ್ಟೂ ನೋಡಿಲ್ಲ. ನನಗೆ ಸಂಕಟವಾಯಿತು. ನನಗೆ ಬೇಕಿದ್ದದ್ದು ಒಂದೇ: ಆಕೆ ನನ್ನನ್ನು ಒಮ್ಮೆ ನೆಟ್ಟಗೆ ನೋಡಿ ಒಂದು ಮಾತು ಆಡಬೇಕು.

ಮರುದಿನ ಬೆಳಿಗ್ಗೆ ವೈಜನಾಥನ ಕಟಿಂಗ್ ಅಂಗಡಿಗೆ ಹೋಗಿ "ಮೀಸಿ ತೆಗಿ" ಎಂದೆ. ಅವನು ಒಂದು ಕ್ಷಣ ನನ್ನನ್ನು ನೋಡಿದ. ರೇಡಿಯೋ ಬಂದ್ ಮಾಡಿದ. ಮುಂದೆ ಕೂತಿದ್ದವರು ಎದ್ದು ನನಗೆ ಕುರ್ಚಿ ಬಿಟ್ಟರು. ಹೊಸ ಮುಖಕ್ಕೆ ಆಗಲೇ ಗೌರವ ಶುರುವಾಯಿತೆಂದು ತಿಳಿದೆ.

ನಮ್ಮ ಬೀರಪ್ಪ ದೇವರ ಒಕ್ಕಲಲ್ಲಿ ಮೀಸೆ ಯಾವಾಗ ತೆಗೆಯುತ್ತಾರೆಂದು ನನಗೆ ಗೊತ್ತಿಲ್ಲವೇ? ಗೊತ್ತು. ಮನೆಯ ಹಿರಿಯರು ಸತ್ತಾಗ ಮಾತ್ರ. ಹನ್ನೊಂದು ವರ್ಷದ ಹಿಂದೆ ಅವ್ವ ತೀರಿಕೊಂಡಾಗ ನಾನೇ ತೆಗೆಸಿದ್ದೆ. ಆದರೆ ಹೆಂಡತಿಯ ಒಂದು ಒಳ್ಳೆಯ ಮಾತಿಗಾಗಿ ಕನ್ನಡಿ ಮುಂದೆ ಕೂತ ಗಂಡಸಿಗೆ ತಲೆ ನಡೆಯುವುದಿಲ್ಲ.

ಮನೆ ಬಾಗಿಲಿಗೆ ಬಂದೆ. ಮಾಣಿಕಮ್ಮ ನನ್ನ ತುಟಿಯ ಮೇಲೊಮ್ಮೆ ಕಣ್ಣಾಡಿಸಿ ಅಲ್ಲೇ ಕುಸಿದು ಕೂತಳು.

"ಅಯ್ಯಯ್ಯೋ ಮಾವಾ! ಹೇಳದೇ ಕೇಳದೇ ಹೋದ್ರೇನ್ರಿ!"

ಪಕ್ಕದ ಮನೆಯ ಮಾಳವ್ವ, ಯಾರು ಏನು ಎಂದು ಕೇಳದೆಯೇ, ಗೋಡೆಯಾಚೆಯಿಂದ ದನಿ ಕೂಡಿಸಿದಳು. ನಮ್ಮಪ್ಪ ಸಿದ್ಧಾರೂಢ, ಎಂಬತ್ತಾರರ ಮುದುಕ, ಒಂದು ತಿಂಗಳಿಂದ ಕಾಸಾರಶಿರಸಿಯಲ್ಲಿ ನನ್ನ ತಮ್ಮನ ಮನೆಯಲ್ಲಿದ್ದ. ಹೀಗಾಗಿ ಅವನು ಇಲ್ಲವೆಂದು ನಂಬಲು ಯಾರಿಗೂ ಅಡ್ಡಿಯಿರಲಿಲ್ಲ.

"ಯಾರೂ ಸತ್ತಿಲ್ಲ!" ಎಂದು ಕೂಗಿದೆ.

"ಪಾಪ, ತಲಿಗಿ ಹತ್ಯಾದ," ಎಂದರು ಬಂದವರು. ನಾನು ಹೆಚ್ಚು ಕೂಗಿದಷ್ಟೂ ಹೆಚ್ಚು ಜನ ನನ್ನ ತೋಳು ಹಿಡಿದರು. ವೈಜನಾಥನ ಅಂಗಡಿಯಿಂದ ಸುದ್ದಿ ಹೊರಟು ಲೋಹಾರಾದ ಬೀಗರಿಗೂ ಮುಟ್ಟಿತ್ತು. ನನ್ನನ್ನು ಕಂಬಕ್ಕೆ ಒರಗಿಸಿ ಕೂರಿಸಿದರು.

ಕಾಜಲ ಒಬ್ಬಳೇ ಬುದ್ಧಿವಂತೆ. ಕಾಸಾರಶಿರಸಿಯ ಕಾಕಾನಿಗೆ ಫೋನ್ ಮಾಡಿದಳು. ಅವನ ಮಾತು ಕೇಳಿ ನನ್ನ ಕಡೆ ಓಡಿ ಬಂದಳು.

"ಅಪ್ಪಾ, ಮುತ್ಯಾ ಮುಂಜಾನಿ ಏಳರ ಬಸ್ಸಿಗೇ ಹೊಂಟಾನಂತ. ಹನ್ನೊಂದಾತು, ಇನ್ನಾ ಬಂದಿಲ್ಲ."

ಇದ್ದ ಅಪ್ಪನನ್ನು ನಾನೇ ಬ್ಲೇಡು ಹಚ್ಚಿ ಕೊಂದೆನೇನೋ ಅನ್ನಿಸಿತು. ಬೀರಪ್ಪಾ, ಕೇರಿ ಗ್ರಾಂಟನ ಸಲುವಾಗಿ ನನ್ನಪ್ಪನನ್ನು ತಗೋಬೇಡ ಎಂದು ಬೇಡಿಕೊಂಡೆ. ಆಮೇಲೆ ತಡೆಯಲಾಗಲಿಲ್ಲ, ನಿಜವಾಗಿಯೇ ಅತ್ತೆ. ಮಾಳವ್ವ ಸಮಾಧಾನಪಟ್ಟಳು. "ದುಃಖ ಈಗ ಹೊರಗ ಬಂತು ನೋಡ್ರಿ," ಎಂದಳು.

ಆಗ ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಕಣ್ಣೊರೆಸಿಕೊಳ್ಳುತ್ತ ಅಪ್ಪ ಬಾಗಿಲಲ್ಲಿ ನಿಂತ. ಮಾಳವ್ವನ ರಾಗ ಅರ್ಧಕ್ಕೇ ನಿಂತಿತು.

"ಹಾದ್ಯಾಗ ಬಸ್ ಕೆಟ್ಟಿತು," ಎಂದ ಅಪ್ಪ. "ಇನ್ನೊಂದು ಬಸ್ಸಿನ್ಯಾಗ ಬರೋಹೊತ್ತಿಗಿ ಒಬ್ಬ ಅಂದ, ಮುರುಮದ ಅಂಬಾದಾಸ ಮೀಸಿ ತೆಗಿಸ್ಯಾನ, ಮನ್ಯಾಗ ಹಿರ್ಯಾರು ಹೋಗ್ಯಾರ ಅಂತ. ನಾ ಒಬ್ಬೊಬ್ಬರನ್ನೇ ಎಣಿಸಿದೆ. ನಮ್ಮ ಮನ್ಯಾಗ ಹಿರ್ಯಾ ಅಂತ ಉಳದಾಂವ ನಾ ಒಬ್ಬನೇ ಆದೆ. ಭಾಳ ಕೆಟ್ಟ ಅನಸ್ತೋ ಅಂಬಾದಾಸ. ದಾರಿಗುಂಟ ಅತಗೋತ ಬಂದೀನಿ."

ಯಾರೂ ನಗಲಿಲ್ಲ. ನಾನು ಅಪ್ಪನ ಕಾಲು ಹಿಡಿದೆ. ಕಾಜಲ ನಡೆದದ್ದನ್ನೆಲ್ಲ ಹೇಳಿ, ಮೊಬೈಲಿನಲ್ಲಿ ಇಬ್ಬರು ನಟರ ಫೋಟೋ ತೋರಿಸಿದಳು. ಮುದುಕ ಕಣ್ಣು ಕಿರಿದುಮಾಡಿ ನೋಡಿದ.

"ಈ ಮೀಸಿ ಇದ್ದಾಂವ ಛಲೋ ಅದಾನ. ಇವನಪ್ಪ ಜೀವಂತ ಅದಾನ," ಎಂದ. "ಇನ್ನೊಬ್ಬ... ಎಲ್ಲಾ ಸಿನಿಮಾದಾಗೂ ಹಿಂಗೇ ಅದಾನೇನು? ಪಾಪ, ಮನ್ಯಾಗ ಎಷ್ಟ ಮಂದಿ ಹೋಗ್ಯಾರೋ ಏನೋ!"

ಬಂದವರನ್ನು ಹಾಗೇ ಕಳಿಸಲಾದೀತೇ? ಮಾಣಿಕಮ್ಮ ಅತ್ತ ಕಣ್ಣಲ್ಲೇ ಒಲೆ ಹಚ್ಚಿ ನಲವತ್ತು ಜನಕ್ಕೆ ಚಹಾ ಕಾಸಿದಳು. ನಾನು ಮತ್ತೆ ಕಂಬಕ್ಕೆ ಒರಗಿ ಕೂತಿದ್ದೆ. ಕಪ್ಪು ಕೊಡಲು ಬಗ್ಗಿದವಳನ್ನು ಮೆಲ್ಲಗೆ ಕೇಳಿದೆ: "ನುಣುಪ ಮಾರಿಯಾಂವ ಛಂದ ಅಂತ ನೀನೇ ಅಂದಿದ್ದಿ ಅಲ್ಲಾ?"

"ನಾ ಮಾರಿಗಿ ಎಲ್ಲಿ ಅಂದೀನ್ರಿ?" ಎಂದಳು. "ಹೆಂಗಸು ಒಳಗ ಬಂದ್ರ ಅಂವ ಕುಂತಾಂವ ಎದ್ದು ನಿಲ್ತಾನ. ಅದಕ್ಕ ಅಂದೆ."

ಇಪ್ಪತ್ತೇಳು ವರ್ಷ ಆಕೆ ಒಳಗೆ ಬಂದಳು, ಹೋದಳು. ನಾನು ಒಮ್ಮೆಯೂ ಎದ್ದಿಲ್ಲ. ಮೀಸೆ ಕಳೆದುಕೊಂಡದ್ದಕ್ಕಿಂತ ಇದು ಹೆಚ್ಚು ಚುಚ್ಚಿತು. ಮತ್ತೆ ಆಕೆ ತಟ್ಟೆ ಹಿಡಿದು ಬಂದಾಗ, ಮೊಣಕಾಲು ಕಟಕಟ ಎನ್ನುತ್ತಿದ್ದರೂ, ನಾನು ಕಂಬ ಹಿಡಿದು ಎದ್ದು ನಿಂತೆ. ಕೂತವರೆಲ್ಲ ನನ್ನತ್ತ ತಿರುಗಿದರು.

"ಮತ್ತ ಯಾರ್ ಹೋದ್ರು?" ಎಂದಳು ಮಾಳವ್ವ.

"ಎದ್ದೀರಿ ಅಲ್ಲ," ಎಂದಳು ಮಾಣಿಕಮ್ಮ, "ಹಂಗೇ ಹೋಗಿ ಎರಡ ಕಿಲೋ ಸಕ್ಕರಿ ತರ್ರಿ. ತೀರಿ ಹೋಗ್ಯಾದ."

ಕಿರಾಣಿ ಅಂಗಡಿಯ ಗುರುಲಿಂಗಪ್ಪ ನನ್ನ ತುಟಿ ನೋಡಿದ. ಸಕ್ಕರೆ ಎನ್ನುತ್ತಲೇ ಅವನ ಹುಬ್ಬು ಗಂಟಾಯಿತು.

"ಮುದುಕಪ್ಪನ ಮಣ್ಣು ಇನ್ನಾ ಆರಿಲ್ಲ, ಇವತ್ತೇ ಸಿಹಿ ಬೇಕೇನೋ ನಿನಗ? ನಾಚಿಕಿ ಇಲ್ಲೇನು? ಹೋಗು, ಮನ್ಯಾಗ ಕೂಡು," ಎಂದು ಅಪ್ಪನ ಮರ್ಯಾದೆಗೆಂದು ಅರ್ಧ ಶಟರ್ ಎಳೆದುಬಿಟ್ಟ. ವಾದಿಸುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಬರಿಗೈಯಲ್ಲಿ ಬಂದೆ. ಮಾಣಿಕಮ್ಮ ಬಾಗಿಲಲ್ಲೇ ನಿಂತಿದ್ದಳು. ಮೊದಲು ನನ್ನ ಕೈ ನೋಡಿದಳು. ಆಮೇಲೆ, ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ, ನನ್ನ ಮುಖವನ್ನು ನೆಟ್ಟಗೆ, ತುಂಬ ಹೊತ್ತು ನೋಡಿದಳು. ಆ ಒಂದು ಮಾತಿಗಾಗಿ ಕಾದು ನಿಂತೆ.

"ಮೀಸಿನೂ ಹೋತು," ಎಂದಳು, "ಸಕ್ಕರಿನೂ ಬರಲಿಲ್ಲ."