ವರನ ವಿಚಾರಣೆಗೆ ಅಂತರಿಕ್ಷಕ್ಕೆ ಹೋದದ್ದು

ಅನುಮಾನ ಒಂದು ಕಾಯಿಲೆ ಎಂದು ಹೇಳುವವರನ್ನು ಕಂಡರೆ ನನಗೆ ಮೊದಲು ಅವರ ಮೇಲೆಯೇ ಅನುಮಾನ ಬರುತ್ತದೆ. ಏನೂ ಮುಚ್ಚಿಟ್ಟುಕೊಳ್ಳದವನಿಗೆ ಇನ್ನೊಬ್ಬರ ಅನುಮಾನದಿಂದ ಏನು ತೊಂದರೆ? ನಾನು ಹೊಸಪೇಟೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಕಲಿಸಿದ್ದಕ್ಕಿಂತ ಪರೀಕ್ಷೆಯ ಕೋಣೆ ಕಾದದ್ದೇ ಹೆಚ್ಚು ಎಂದು ನನ್ನ ಹೆಂಡತಿ ಸುಧಾ ಹೇಳುತ್ತಾಳೆ. ಪರೀಕ್ಷೆಯ ಕೋಣೆಯಲ್ಲಿ ಹುಡುಗನೊಬ್ಬ ತಲೆ ಎತ್ತಿ ಫ್ಯಾನು ನೋಡುತ್ತಿದ್ದರೆ ಪಾಪ, ಯೋಚಿಸುತ್ತಿದ್ದಾನೆ ಎಂದು ನೀವು ತಿಳಿಯಬಹುದು. ನನ್ನ ಕಣ್ಣು ಅವನ ಕಾಲುಚೀಲದ ಮೇಲಿರುತ್ತದೆ. ಈ ಅಭ್ಯಾಸ ನನ್ನ ಹಿಂದೆಯೇ ಮನೆಗೂ ಬಂದುಬಿಟ್ಟಿತು. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಎಂದುಕೊಳ್ಳುತ್ತೇನೆ, ನಗದಿದ್ದರೆ ನೀರು ಸ್ವಲ್ಪ ಹೆಚ್ಚೇ ಬಿದ್ದಿದೆ ಎಂದುಕೊಳ್ಳುತ್ತೇನೆ. ನೆಂಟರನ್ನು ಹಂಪಿಗೆ ಕರೆದುಕೊಂಡು ಹೋದಾಗ ಗೈಡು, “ಇದು ರಾಣಿಯರು ಸ್ನಾನ ಮಾಡ್ತಿದ್ದ ಜಾಗ ನೋಡ್ರಿ” ಎಂದರೆ, “ನೋಡಿದವರು ಯಾರ್ರಿ?” ಎಂದು ಕೇಳಿ ಸುಧಾಳ ಕೈಯಲ್ಲಿ ಚಿವುಟಿಸಿಕೊಂಡಿದ್ದೇನೆ.

ಇಂಥವನಿಗೆ ಒಬ್ಬಳೇ ಮಗಳು, ಆಕೆಗೆ ವರ ನೋಡುವ ಕಾಲ ಬಂದರೆ ಮನೆಯ ಸ್ಥಿತಿ ಹೇಗಿರಬೇಡ! ಮಗಳು ವೈದೇಹಿ ಇಲ್ಲಿಯೇ ಆಸ್ಪತ್ರೆಯೊಂದರಲ್ಲಿ ಫಿಜಿಯೋಥೆರಪಿ ಮಾಡುತ್ತಾಳೆ. ಬಂದ ಸಂಬಂಧಗಳಲ್ಲಿ ಒಂದನ್ನು, ಹುಡುಗ ಉಪ್ಪಿಟ್ಟನ್ನು ಎರಡನೇ ಸಲ ಹಾಕಿಸಿಕೊಂಡ ಎಂದು ಬಿಟ್ಟೆ. ಮುಂದಿನದನ್ನು, ಹುಡುಗ ಉಪ್ಪಿಟ್ಟು ಮುಟ್ಟಲೇ ಇಲ್ಲ ಎಂದು ಬಿಟ್ಟೆ. ಆಮೇಲೆ ಬಂದವನು ಕಂಪ್ಲಿಯ ಶ್ರೀನಿಧಿ. ಸಂಡೂರಿನ ಗಣಿಯೊಂದರಲ್ಲಿ ಎಂಜಿನಿಯರು. ಹಾಕಿದ್ದಷ್ಟನ್ನು ತಿಂದ, ತಟ್ಟೆಯಲ್ಲಿ ಏನೂ ಬಿಡಲಿಲ್ಲ, ಇನ್ನೂ ಬೇಕೆನ್ನಲಿಲ್ಲ. ಇವನಿಗೆ ಯಾರೋ ಮೊದಲೇ ಪ್ರಶ್ನೆಪತ್ರಿಕೆ ಕೊಟ್ಟಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಹವ್ಯಾಸ ಏನು ಎಂದು ಕೇಳಿದೆ. ಹಿಂದೆಮುಂದೆ ನೋಡದೆ, “ಕಂಪ್ಯೂಟರ್‌ನ್ಯಾಗ ಒಂದು ಆಟ ಆಡ್ತೀನ್ರಿ. ಅಂತರಿಕ್ಷದಾಗ ಹಡಗು ನಡೆಸೋದು, ಯುದ್ಧ ಮಾಡೋದು. ನಮ್ದೊಂದು ಕನ್ನಡದವರ ಗುಂಪೈತ್ರಿ, ಗರುಡಪಡೆ ಅಂತ” ಎಂದ. ಅಲ್ಲಿ ತನ್ನ ಹೆಸರು ನಿಧಿ ಎಂದೂ ಹೇಳಿದ.

ಎಲ್ಲಿ ಎಳೆ ಸಿಗಬೇಕೋ ಅಲ್ಲಿ ಸಿಕ್ಕಿತು ಎಂದುಕೊಂಡೆ. ಹುಡುಗನ ಊರ ಕಡೆ ವಿಚಾರಿಸಿದೆ. ಎಮ್ಮಿಗನೂರಿನಲ್ಲಿರುವ ನಮ್ಮ ದೂರದ ನೆಂಟರು, “ಹುಡುಗ ಬಂಗಾರ, ಕಣ್ಣು ಮುಚ್ಚಿ ಕೊಡ್ರಿ” ಎಂದರು. ಒಬ್ಬರೂ ಕೆಟ್ಟದ್ದು ಹೇಳದ ಮನುಷ್ಯ ಭೂಮಿಯ ಮೇಲೆ ಇರುವುದು ಸಾಧ್ಯವೇ? ಅವನ ಕೆಟ್ಟದ್ದೆಲ್ಲ ಬೇರೆ ಎಲ್ಲೋ ನಡೆಯುತ್ತಿರಬೇಕು. ಇತ್ತ ವೈದೇಹಿ ಒಪ್ಪಿದ್ದಳು, ಅತ್ತ ಅವರು ನಮ್ಮ ಉತ್ತರಕ್ಕೆ ಕಾಯುತ್ತಿದ್ದರು. “ಕುಡಿಯೋ ಚಟ ಇಲ್ಲ, ಸೇದೋ ಚಟ ಇಲ್ಲ. ನಿಮಗಿನ್ನೇನು ಬೇಕ್ರೀ?” ಎಂದು ಸುಧಾ ಕೇಳಿದಳು. “ಅದ ನೋಡು ನನಗ ಅನುಮಾನ” ಎಂದೆ. “ಈ ಸಂಬಂಧಾನೂ ಕೆಡಿಸಿದ್ರ, ನಾ ಇನ್ನು ಯಾರಿಗೂ ಉಪ್ಪಿಟ್ಟು ಮಾಡಂಗಿಲ್ಲ” ಎಂದು ಅವಳು ಒಳಗೆ ಹೋದಳು.

ಹೀಗೆ ನಾನು ಅಂತರಿಕ್ಷಕ್ಕೆ ಹೋಗಬೇಕಾಯಿತು. ಸುಧಾ ಸಂಜೆ ಭಜನಾ ಮಂಡಳಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಆ ಆಟ ಹಾಕಿಕೊಂಡು, ‘ಬಸಣ್ಣ, ಬುಕ್ಕಸಾಗರದ ಭತ್ತದ ರೈತ’ ಎಂದು ವೇಷ ಕಟ್ಟಿ ಗರುಡಪಡೆಗೆ ಅರ್ಜಿ ಹಾಕಿದೆ. ದನಿ ಗುರುತು ಸಿಕ್ಕೀತೆಂದು ಮೈಕು ಕೆಟ್ಟಿದೆ ಎಂದು ಹೇಳಿ, ಎಲ್ಲ ಮಾತನ್ನೂ ಟೈಪ್ ಮಾಡಿ ಕಳಿಸುತ್ತಿದ್ದೆ. ಸುಧಾ ಬಂದ ಸಪ್ಪಳವಾದರೆ ಫಕ್ಕನೆ ಮುಚ್ಚಿ, “ಹುಡುಗರ ಅಂಕ ಕಂಪ್ಯೂಟರಿಗೆ ಏರಿಸ್ಲಿಕ್ಕೆ ಹತ್ತಿದ್ದೆ” ಎನ್ನುತ್ತಿದ್ದೆ. ಪರೀಕ್ಷೆಯಲ್ಲಿ ನಾನು ಹಿಡಿದ ಅಷ್ಟೂ ಹುಡುಗರ ಮುಖ ಆಗ ಹೇಗಿರುತ್ತಿತ್ತೋ, ನನ್ನ ಮುಖ ಹಾಗೆಯೇ ಇದ್ದಿರಬೇಕು.

ಆ ಆಟದ ವಿಚಿತ್ರವೆಂದರೆ ಅಲ್ಲಿ ವಿದ್ಯೆ ಕಲಿಯಲು ನಾವು ಏನೂ ಮಾಡಬೇಕಿಲ್ಲ. ಹಡಗು ನಡೆಸುವುದು, ತೋಪು ಹಾರಿಸುವುದು, ಗುಂಡು ತಡೆಯುವ ಶೀಲ್ಡ್ ಗಟ್ಟಿ ಮಾಡುವುದು ಹೀಗೆ ನೂರೆಂಟು ಸ್ಕಿಲ್ಲುಗಳು. ಯಾವುದರ ಹಿಂದೆ ಯಾವುದು ಎಂದು ಸರದಿ ಹಚ್ಚಿಟ್ಟರೆ ಸಾಕು. ನಾವು ಉಂಡು ಮಲಗಿದರೂ, ಕಾಲೇಜಿಗೆ ಹೋದರೂ ಅವು ತಾವೇ ಬಲಿಯುತ್ತಿರುತ್ತವೆ. ಪ್ರತಿಯೊಂದಕ್ಕೂ ಮೆಟ್ಟಿಲುಗಳಿವೆ. ಕೆಳಗಿನ ಮೆಟ್ಟಿಲನ್ನು ಚಹಾ ಕುಡಿದು ಮುಗಿಸುವುದರೊಳಗೆ ಹತ್ತಬಹುದು, ತುದಿಯ ಮೆಟ್ಟಿಲಿಗೆ ವಾರಗಟ್ಟಲೆ ಬೇಕು. ಓದದೇ ಪಾಸಾಗುವ ಈ ಪದ್ಧತಿಯನ್ನು ಕಂಡೇ ನನಗೆ ಹುಡುಗನ ಮೇಲಿನ ಅನುಮಾನ ಹೆಚ್ಚಿತು. ಇರಲಿ ಎಂದು, “ನಾ ಹೊಸಬ. ಹೊಡೆದಾಡಾಕ ಮೊದ್ಲು ಏನು ಕಲೀಬೇಕ್ರಿ?” ಎಂದು ಕೇಳಿದೆ. ಉತ್ತರ ಕೊಟ್ಟವನು ಸಾಕ್ಷಾತ್ ನಿಧಿಯೇ.

“ಬಸಣ್ಣಾರ, ಅವಸರ ಮಾಡಬ್ಯಾಡ್ರಿ. ಮೊದ್ಲು ಹಡಗಿಗೆ ಕರೆಂಟ್ ಸಾಲಬೇಕು, ಆ ಸ್ಕಿಲ್ ಹಚ್ರಿ. ಆಮ್ಯಾಲೆ ಶೀಲ್ಡ್. ಅದರ ಹಿಂದ ಜಲ್ದಿ ಓಡಿಹೋಗೋದು ಕಲೀರಿ. ಸಣ್ಣ ತೋಪು ಅದಾದ ಮ್ಯಾಲೆ. ಎಲ್ಲಾದ್ರದ್ದೂ ಕೆಳಗಿನ ಮೆಟ್ಲು ಹತ್ರಿ, ಒಂದರದ ತುದಿ ಮುಟ್ಟಾಕ ಹೋಗಬ್ಯಾಡ್ರಿ. ದೊಡ್ಡ ಹಡಗಿನ ಆಸಿ ಸದ್ಯಕ್ಕ ಬ್ಯಾಡ. ಸಣ್ಣ ಹಡಗು ಬರೋಬರಿ ನಡಿಸೋನು, ದೊಡ್ಡ ಹಡಗು ನಡಿಸಾಕ ಬರದೋನಿಗಿಂತ ಎಷ್ಟೋ ಚಲೋ.”

ನೀವೇ ಹೇಳಿ, ಯುದ್ಧ ಕಲಿಯಲು ಬಂದವನಿಗೆ ತೋಪು ಆಮೇಲೆ, ಓಡಿಹೋಗುವುದು ಮೊದಲು ಎಂದು ಯಾರಾದರೂ ಹೇಳುತ್ತಾರೆಯೇ? ನನ್ನನ್ನು ಬರಿಗೈಯಲ್ಲಿಟ್ಟು ದೋಚುವ ಹೂಟ ಇದು ಎನ್ನಿಸಿತು. ಅದೇ ಪ್ರಶ್ನೆಯನ್ನು ಗುಂಪಿನ ಇನ್ನೊಬ್ಬನಿಗೆ ಗುಟ್ಟಾಗಿ ಕೇಳಿದೆ. ಅವನೂ ಅದೇ ಉತ್ತರ ಕೊಟ್ಟ: ಕರೆಂಟು, ಶೀಲ್ಡು, ಓಟ, ಆಮೇಲೆ ಸಣ್ಣ ತೋಪು. ಎರಡು ಉತ್ತರಪತ್ರಿಕೆಗಳಲ್ಲಿ ಒಂದೇ ಉತ್ತರ ಒಂದೇ ಕ್ರಮದಲ್ಲಿದ್ದರೆ ಅದನ್ನು ಸತ್ಯ ಎನ್ನುವುದಿಲ್ಲ, ನಕಲು ಎನ್ನುತ್ತಾರೆ. ಇಬ್ಬರೂ ಕೂಡಿಕೊಂಡಿದ್ದಾರೆ ಎಂದು ತೀರ್ಮಾನಿಸಿದೆ. ಮೇಲೆ “ಹಂಗ ಹಚ್ಚೇನ್ರಿ” ಎಂದು ಹೇಳಿ, ಒಳಗೊಳಗೇ ನನ್ನದೇ ಯೋಜನೆ ಹಾಕಿಕೊಂಡೆ. ಮೊದಲು ದೊಡ್ಡ ತೋಪು, ಅದರ ಮೇಲಿನ ಮೆಟ್ಟಿಲು, ಅದರ ಮೇಲಿನದು. ಕಾಲೇಜಿನಲ್ಲಿ ಆವರ್ತಕ ಕೋಷ್ಟಕ ಹೇಳುವಾಗಲೂ, ಇತ್ತ ನನ್ನ ತೋಪಿನ ವಿದ್ಯೆ ಬಲಿಯುತ್ತಿದೆ ಎಂದು ನೆನೆದು ಪುಳಕಗೊಳ್ಳುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ತಾಯಿ ಮಗಳಿಬ್ಬರೂ ಪಾಪಿನಾಯಕನಹಳ್ಳಿಯ ಪರಿಚಯದವರ ಮನೆಗೆ ಹೋಗಿದ್ದರು. ನಾನು ಹಡಗಿಗೆ ದೊಡ್ಡ ತೋಪು ಏರಿಸಿಕೊಂಡು ಒಬ್ಬನೇ ಹೊರಬಿದ್ದೆ. ಗರುಡಪಡೆಯ ಗಡಿ ದಾಟುತ್ತಲೇ ಇಬ್ಬರು ದರೋಡೆಕೋರರು ಎದುರಾದರು. ತೋಪಿನ ಗುಂಡಿ ಒತ್ತಿದೆ. ಒಂದೇ ಗುಂಡು ಹಾರಿತು, ಅದೂ ಎತ್ತಲೋ. ಅಷ್ಟಕ್ಕೇ ಹಡಗಿನ ಕರೆಂಟೆಲ್ಲ ಖಾಲಿಯಾಗಿ ಶೀಲ್ಡ್ ಆರಿಹೋಯಿತು. ಓಡೋಣವೆಂದರೆ ಓಡುವ ವಿದ್ಯೆ ಕಲಿತಿರಲಿಲ್ಲ. ಕಾಲುವೆಗೆ ಬಿದ್ದ ಎಮ್ಮೆಯಂತೆ ನಡು ಅಂತರಿಕ್ಷದಲ್ಲಿ ನಿಂತುಬಿಟ್ಟೆ. ನಾಚಿಕೆ ಬಿಟ್ಟು ಗುಂಪಿಗೆ, “ಸತ್ತೆ, ಬರ್ರಿ!” ಎಂದು ಬರೆದೆ. ನಿಧಿ ಬಂದ. “ನೀವು ಹೋಗ್ರಿ ಬಸಣ್ಣಾರ, ನಾ ಹಿಡಿದಿರ್ತೀನಿ” ಎಂದು ಇಬ್ಬರನ್ನೂ ತನ್ನ ಮೇಲೆ ಎಳೆದುಕೊಂಡ. ನಾನು ತೆವಳುತ್ತ ಗುಂಪಿನ ನೆಲೆ ಮುಟ್ಟಿದೆ. ಅವನ ಹಡಗು ನುಚ್ಚುನೂರಾಯಿತು. ಅದನ್ನು ಕಾಲೇಜಿನ ದಿನಗಳಿಂದ ಜೋಪಾನ ಮಾಡಿದ್ದನಂತೆ. ನನ್ನ ಸ್ಕಿಲ್ಲುಗಳನ್ನು ನೋಡಿ ಬೈಯಲಿಲ್ಲ. “ಹೋಗ್ಲಿ ಬಿಡ್ರಿ, ಈಗ ಶೀಲ್ಡ್ ಹಚ್ರಿ” ಎಂದಷ್ಟೇ ಅಂದ. ನನ್ನ ಕಣ್ಣು ತೇವವಾಯಿತು. ಮರುಕ್ಷಣವೇ ಇನ್ನೊಂದು ವಿಚಾರ ಹೊಳೆದು ತೇವ ಆರಿತು: ಆ ದರೋಡೆಕೋರರು ಇವನ ಸ್ನೇಹಿತರೇ ಆಗಿದ್ದರೆ?

ಇನ್ನು ನೇರವಾಗಿ ಕೆದಕುವುದೇ ಸರಿ ಎಂದುಕೊಂಡೆ. ಮರುದಿನ ಸಂಜೆ, “ಮದುವಿ ಆಗೈತೇನು ತಮ್ಮಾ?” ಎಂದು ಕೇಳಿದೆ. “ಹೊಸಪೇಟೆ ಹುಡುಗಿ ನೋಡೇವ್ರಿ. ಭಾಳ ಚಲೋ ಹುಡುಗಿ. ಅವರ ಉತ್ತರ ಬಂದಿಲ್ಲ.” “ಯಾಕ?” “ಅವರಪ್ಪ ಕಾಲೇಜಿನ್ಯಾಗ ಸರ್ ಅದಾರ್ರಿ. ಅಂಗಿ ತೋಳಿನ್ಯಾಗ ಕಾಪಿ ಚೀಟಿ ಇಟ್ಕೊಂಡು ಬಂದೀನೇನೋ ಅನ್ನಂಗ ನೋಡ್ತಾರ.” ಈ ಮಾತು ಎದೆಗೇ ತಾಗಿತು. “ಹೆಣ್ಣು ಹೆತ್ತವರು ಹಂಗ ಇರ್ತಾರಪ, ಅದು ತಪ್ಪಲ್ಲ” ಎಂದು ಬಸಣ್ಣನ ಬಾಯಿಂದ ನನ್ನ ಪರ ವಾದಿಸಿದೆ. ಅವನು, “ತಪ್ಪಂತ ನಾ ಎಲ್ಲಿ ಅಂದೆನ್ರಿ?” ಎಂದ. ಆ ಹುರುಪಿನಲ್ಲಿ ನಾನು ಅವನ ಸ್ನೇಹಿತರು ಯಾರು, ಸಿಟ್ಟು ಬಂದರೆ ಏನು ಮಾಡುತ್ತಾನೆ, ಅವನ ತಾಯಿಯ ಸ್ವಭಾವ ಹೇಗೆ ಎಂದು ಒಂದರ ಹಿಂದೊಂದು ಕೇಳುತ್ತ ಹೋದೆ. ಉತ್ತರದ ಬದಲು ಆ ಕಡೆಯಿಂದ ಒಂದು ಪ್ರಶ್ನೆ ಬಂತು.

“ಬಸಣ್ಣಾರ, ನಿಮ್ಮ ಕಡೆ ಕಾಲುವಿಗೆ ನೀರು ಬಿಟ್ಟಾರೇನ್ರಿ?”

ಇದರಲ್ಲೇನಿದೆ ಎಂದು ನಾನು ಪ್ರಾಮಾಣಿಕವಾಗಿ, “ಗೊತ್ತಿಲ್ಲಪ, ಪೇಪರ್ ನೋಡಿ ಹೇಳ್ತೀನಿ” ಎಂದು ಬರೆದೆ.

ಕಾಲುವೆಗೆ ನೀರು ಬಂದದ್ದನ್ನು ಪೇಪರಿನಲ್ಲಿ ಓದಿ ತಿಳಿಯುವ ಭತ್ತದ ರೈತ ಬುಕ್ಕಸಾಗರದಲ್ಲಿ ಮಾತ್ರವಲ್ಲ, ಯಾವ ಗ್ರಹದಲ್ಲಿಯೂ ಇರಲಾರ. ಕಂಪ್ಲಿಯ ಹುಡುಗನಿಗೆ ಅಷ್ಟು ತಿಳಿಯುವುದಿಲ್ಲವೇ? ಅವನ ಕೊನೆಯ ಮಾತು ಹೀಗಿತ್ತು: “ನೀವು ರೈತರಲ್ಲ. ಹಡಗಿಗಿಂತ ನನ್ನ ಮನೀ ಸುದ್ದಿ ನಿಮಗ ಜಾಸ್ತಿ ಬೇಕಾಗೈತಿ. ಹಿಂದ ಒಬ್ಬಾಂವ ಹಿಂಗ ಗೆಳೆಯ ಆಗಿ ಬಂದು ಗುಂಪಿನ ಉಗ್ರಾಣ ಬಳಕೊಂಡು ಹೋಗ್ಯಾನ. ತಪ್ಪು ತಿಳೀಬ್ಯಾಡ್ರಿ.” ಮುಂದಿನ ಗಳಿಗೆಯಲ್ಲಿ ಗರುಡಪಡೆಯಿಂದ ನನ್ನ ಹೆಸರೇ ಹೋಗಿತ್ತು.

ಬೇರೆಯವರಾಗಿದ್ದರೆ ಅವಮಾನವಾಯಿತೆಂದು ಕುದಿಯುತ್ತಿದ್ದರು. ನಾನು ಲ್ಯಾಪ್‌ಟಾಪ್ ಮುಚ್ಚಿ, ನಡೆದದ್ದನ್ನೆಲ್ಲ ಒಂದೊಂದಾಗಿ ತೂಗಿ ನೋಡಿದೆ. ಆ ಹುಡುಗನ ತಾಳ್ಮೆ ನೋಡಿದ್ದೆ, ನಂಬಿರಲಿಲ್ಲ. ನನಗಾಗಿ ಹಡಗು ಕಳೆದುಕೊಂಡದ್ದನ್ನು ನೋಡಿದ್ದೆ, ಅದನ್ನೂ ನಂಬಿರಲಿಲ್ಲ. ಆದರೆ ನೀರಿನ ಆ ಒಂದು ಪ್ರಶ್ನೆ ಇದೆಯಲ್ಲ, ಇಷ್ಟು ವರ್ಷ ಪರೀಕ್ಷೆ ಕಾದರೂ ನನಗೆ ಅಂಥದ್ದೊಂದು ಹೊಳೆದಿಲ್ಲ. ಅಷ್ಟು ಅಪ್ಪಟ ಅನುಮಾನ ನಾಟಕವಾಗಿರಲು ಸಾಧ್ಯವೇ ಇಲ್ಲ. ಭಜನೆ ಮುಗಿಸಿ ಬಂದ ಸುಧಾಳಿಗೆ, “ಕಂಪ್ಲಿಗೆ ಫೋನ್ ಮಾಡು. ನಮಗ ಒಪ್ಪಿಗಿ ಅದ” ಎಂದೆ. ಅವಳು ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು. ವೈದೇಹಿ ಒಳಗಿನಿಂದ ಓಡಿಬಂದು ಬಾಗಿಲಲ್ಲಿ ನಿಂತಳು. ಅವಳ ಅರಳಿದ ಮುಖ ನೋಡಿದಾಗ, ಇಷ್ಟು ದಿನ ನಾನು ಇದೊಂದನ್ನು ಮಾತ್ರ ಪರೀಕ್ಷಿಸಿರಲಿಲ್ಲ ಎಂದು ತಿಳಿಯಿತು.

ನಿಶ್ಚಿತಾರ್ಥದ ಊಟಕ್ಕೆ ಶ್ರೀನಿಧಿ ನನ್ನ ಪಕ್ಕದಲ್ಲೇ ಕೂತಿದ್ದ. ಮಾತಿನ ನಡುವೆ ಅವನೇ ತೆಗೆದ. “ಮಾವ, ನಮ್ಮ ಗುಂಪಿಗೆ ಒಬ್ಬ ವಿಚಿತ್ರ ಮನುಷ್ಯಾ ಬಂದಿದ್ದರಿ. ಎಷ್ಟು ಹೇಳಿದ್ರೂ ನಂಬವಲ್ಲ. ಪಾಪ, ಮನಿಯಾಗೂ ಹಂಗ ಇರ್ತಾನೋ ಏನೋ. ಯಾರಿರಬಹುದ್ರಿ?” ನಾನು ಚಿತ್ರಾನ್ನದ ಕರಿಬೇವನ್ನು ಎಲೆಯ ಅಂಚಿಗೆ ಸರಿಸುತ್ತ, “ಯಾವನೋ ಕಳ್ಳ ಇರಬೇಕು ಬಿಡಪ್ಪ” ಎಂದೆ. “ಕಳ್ಳ ಅಲ್ಲರಿ. ಕಳ್ಳಗಾದ್ರ ಹೊಡೆದಾಡಾಕ ಬರ್ತಿತ್ತು” ಎಂದು ಅವನು ನನ್ನ ಲೋಟಕ್ಕೆ ನೀರು ತುಂಬಿದ. ನಗುತ್ತಲೇ ತುಂಬಿದ. ಆ ನಗು ನನಗೆ ಸರಿ ಕಾಣಲಿಲ್ಲ.

ಮನೆಗೆ ಬಂದ ಮೇಲೆ ತಡೆಯಲಾಗದೆ ಸುಧಾಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಪೂರ್ತಿ ಕೇಳಿದಳು, ಒಂದು ಸಲವೂ ಆಶ್ಚರ್ಯಪಡಲಿಲ್ಲ. “ಈಗ ಹೇಳು, ಅವನಿಗೆ ನಾನ ಅಂತ ಅನುಮಾನ ಬಂದಿರಬಹುದೇನು?” ಎಂದು ಕೇಳಿದೆ. ಅವಳು ಒಡವೆ ಬಿಚ್ಚಿಡುತ್ತ, “ನಿಮ್ಮ ಮ್ಯಾಲೆ ಅನುಮಾನ ಪಡ್ಲಿಕ್ಕೆ ಯಾರಿಗೆ ಪುರಸೊತ್ತದರೀ? ಸುಮ್ಮನ ಮಲಕೋರಿ” ಎಂದಳು. ಈ ಮಾತಿನಿಂದ ನನಗೆ ಸಮಾಧಾನವಾಗಬೇಕಿತ್ತು. ಆದರೆ ಅಂದಿನಿಂದ ಒಂದೇ ಕೊರಗು: ಜೀವಮಾನವೆಲ್ಲ ಇಡೀ ಊರನ್ನು ಅನುಮಾನಿಸಿದವನನ್ನು, ಪ್ರತಿಯಾಗಿ ಅನುಮಾನಿಸುವಷ್ಟು ಮರ್ಯಾದೆ ಕೊಟ್ಟವನು ಅಳಿಯನೊಬ್ಬನೇ. ಅದೂ ಬಸಣ್ಣನಿಗೆ ಕೊಟ್ಟದ್ದು, ನನಗಲ್ಲ.