ತೆಗೀಲಾ, ತೆಗ್ದಾಕ್ಲಾ?

ನಮ್ಮ ಚಿಕ್ಕಪ್ಪ ಇದುವರೆಗೆ ಎಷ್ಟು ಜನರನ್ನು ಮಾಯ ಮಾಡಿದ್ದಾರೆಂದು ಪೊಲೀಸರಿಗೆ ತಿಳಿದರೆ, ಜೋಗುಪಾಳ್ಯದ ಅವರ ಮನೆ ಮುಂದೆ ಒಂದು ಜೀಪು ಕಾಯಂ ಆಗಿ ನಿಲ್ಲುವುದರಲ್ಲಿ ಸಂಶಯವೇ ಇಲ್ಲ! ಮದುವೆ ಮಂಟಪದಲ್ಲಿ ವಧೂವರರ ಹಿಂದೆ ಮೂಗಿನೊಳಗೆ ಬೆರಳಿಟ್ಟು ನಿಂತಿದ್ದ ಭಾವಮೈದುನ, ಹಲಸೂರು ಕೆರೆಯ ಸೂರ್ಯೋದಯಕ್ಕೆ ಅಡ್ಡ ಬಂದು ಆಕಳಿಸಿದ ವಾಕಿಂಗ್ ಮಹನೀಯರು, ಗೋಡೆಯ ಪೋಸ್ಟರಿನಲ್ಲಿ ಕೈಮುಗಿದು ನಿಂತಿದ್ದ ಸಕಲ ಮುಖಂಡರು, ಎಲ್ಲರೂ ಗಾಯಬ್! ಒಬ್ಬೊಬ್ಬರಿಗೆ ಹನ್ನೊಂದು ಸೆಕೆಂಡು. ನಾನೇ ಗಡಿಯಾರ ಹಿಡಿದು ನೋಡಿದ್ದೇನೆ. ರಕ್ತವಿಲ್ಲ, ಕೂಗಾಟವಿಲ್ಲ. ಒಂದು ಹಳೆಯ ಲ್ಯಾಪ್‌ಟಾಪು, ಅದರಲ್ಲಿ ತಾವೇ ತೆಗೆದ ಫೋಟೋ, ಪರದೆಯ ಮೇಲೆ ಗೀಚಲು ಒಂದು ಪ್ಲಾಸ್ಟಿಕ್ ಪೆನ್ನು, ಅಷ್ಟೇ.

ಇಂಥ ಕೈಚಳಕದವರು ಮನೆಯಲ್ಲೇ ಇರುವಾಗ ನನ್ನದೊಂದು ಸಣ್ಣ ಕೆಲಸಕ್ಕೆ ಹೊರಗಿನವರನ್ನು ಹುಡುಕುವುದುಂಟೇ? ನನ್ನ ಎಡಗೆನ್ನೆಯ ಮೇಲೆ ಒಂದು ಬಿಳಿ ಮಚ್ಚೆ ಇದೆ. ಜನ ದನಿ ತಗ್ಗಿಸಿ ತೊನ್ನು ಅನ್ನುತ್ತಾರೆ, ಅಮ್ಮ ಅದಕ್ಕಿಂತ ದನಿ ತಗ್ಗಿಸಿ ಮಚ್ಚೆ ಅನ್ನುತ್ತಾಳೆ. ಹನ್ನೊಂದನೇ ವಯಸ್ಸಿನಲ್ಲಿ ಸಾಸಿವೆ ಕಾಳಿನಷ್ಟಿತ್ತು. ಈಗ ನನಗೆ ಇಪ್ಪತ್ತೊಂಬತ್ತು, ಅದು ಸಣ್ಣ ನಿಪ್ಪಟ್ಟಿನಷ್ಟಾಗಿದೆ. ಕುಕ್ ಟೌನಿನ ಶಾಲೆಯೊಂದರಲ್ಲಿ ನಾನು ಗಣಿತದ ಟೀಚರು. ವೃತ್ತದ ಪಾಠ ಮಾಡುವಾಗ ಮಕ್ಕಳು ಬೋರ್ಡು ಬಿಟ್ಟು ನನ್ನ ಕೆನ್ನೆಯನ್ನೇ ನೋಡುತ್ತಾರೆ ಎಂಬುದು ನನ್ನ ಬಹುದಿನದ ಗುಮಾನಿ! ಹೀಗಿರುವಾಗ ಒಂದು ಸಂಬಂಧ ಬಂತು, ಹುಡುಗನ ಮನೆಯವರು ಫೋಟೋ ಕೇಳಿದರು. ಫೋಟೋದಲ್ಲಿ ಮಚ್ಚೆ ಇರಬೇಕೋ ಬೇಡವೋ? ಅಮ್ಮ ಬೇಡ ಅಂದಳು. ಸುಳ್ಳು ಯಾಕೆ ಹೇಳಲಿ, ನಾನೂ ಬೇಡ ಅಂದೆ.

ಆ ಫೋಟೋದ ಕತೆಗೆ ಮೊದಲು ಚಿಕ್ಕಪ್ಪನ ಕಾರ್ಖಾನೆಯನ್ನೊಮ್ಮೆ ನೋಡಿಬಿಡಿ. ಹೊಟ್ಟೆಪಾಡಿಗೆ ಅವರು ಮಾಡುವುದು ಶಿವಾಜಿನಗರದ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಹಗಲೆಲ್ಲ ಊರವರ ಕಣ್ಣು ಸರಿಮಾಡಿ, ಸಂಜೆ ಮನೆಗೆ ಬಂದು ಊರನ್ನೇ ಸರಿಮಾಡಲು ಕೂರುತ್ತಾರೆ. ಅವರದು ಮಹಡಿ ಮನೆ, ಕೆಳಗೆ ಇಸ್ತ್ರಿ ಅಂಗಡಿ. ಕೆಳಗೂ ಸುಕ್ಕು ತೆಗೆಯುತ್ತಾರೆ, ಮೇಲೂ ಸುಕ್ಕು ತೆಗೆಯುತ್ತಾರೆ. ಪರದೆಗೆ ಕಿಟಕಿಯ ಬೆಳಕು ಹೊಡೆಯಬಾರದೆಂದು ಬಾಳೆಹಣ್ಣಿನ ರಟ್ಟಿನ ಡಬ್ಬವನ್ನು ಕತ್ತರಿಸಿ ಅದಕ್ಕೊಂದು ಮುಸುಕು ಮಾಡಿದ್ದಾರೆ. ಅದರೊಳಗೆ ತಲೆ ಹಾಕಿ ಕೂತರೆ ಹೊರಗಿನವರಿಗೆ ಕಾಣುವುದು ಬೆನ್ನು ಮಾತ್ರ. ಕೀಲಿಮಣೆಯಲ್ಲಿ ಜಡ್ ಅಕ್ಷರ ಪೂರ್ತಿ ಸವೆದುಹೋಗಿದೆ. ಕಂಟ್ರೋಲ್ ಜೊತೆ ಜಡ್ ಒತ್ತಿದರೆ ಮಾಡಿದ ತಪ್ಪು ಅಳಿಸಿ ಮೊದಲಿನಂತಾಗುತ್ತದಲ್ಲ, ಅದನ್ನು ಒತ್ತಿ ಒತ್ತಿಯೇ ಈ ಗತಿ! ಗುರುತಿಗಿರಲೆಂದು ಆ ಕೀಲಿಯ ಮೇಲೆ ಚಿಕ್ಕಮ್ಮನ ಕೆಂಪು ಬಿಂದಿ ಅಂಟಿಸಿದ್ದಾರೆ.

"ಇಂಥದೊಂದು ಬಟನ್ನು ನಮ್ಮಪ್ಪ ಮದುವೇಲಿ ನಂಗೂ ಕೊಡಿಸಿದ್ರೆ ಎಷ್ಟು ಚೆನ್ನಾಗಿರ್ತಿತ್ತು!" ಎನ್ನುವುದು ಚಿಕ್ಕಮ್ಮನ ಅಳಲು.

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಾದ್ದರಿಂದ ಅದರ ಪರದೆಗೆ ಹುಟ್ಟಾ ಕಾಮಾಲೆ, ಬಿಳಿ ಮೋಡವೂ ಹಳದಿ. ಬಣ್ಣ ಸರಿಹೊಂದಿಸಲೆಂದೇ ಒಂದು ಯಂತ್ರ ಸಿಗುತ್ತದಂತೆ. ಚಿಕ್ಕಪ್ಪ ಯಂತ್ರದ ಗೊಡವೆಗೆ ಹೋಗದೆ ಸ್ಟೀಲ್ ತಟ್ಟೆಯಲ್ಲಿ ಕುಂಕುಮ, ಅರಿಶಿನ, ಕರಿಬೇವು, ಬಟ್ಟೆಗೆ ಹಾಕುವ ನೀಲಿ ಇಟ್ಟುಕೊಂಡರು. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಆ ತಟ್ಟೆಯನ್ನು ಪರದೆಯ ಮುಂದೆ ಹಿಡಿದು, ಅತ್ತಿತ್ತ ಆಡಿಸಿ, ಪರದೆಯ ಕೆಂಪು ಕುಂಕುಮಕ್ಕೆ ಹೊಂದುತ್ತದೋ, ಹಸಿರು ಕರಿಬೇವಿಗೆ ಹೊಂದುತ್ತದೋ ಎಂದು ನೋಡುವುದು. ಎದುರು ಮನೆಯ ತಮಿಳಿನ ಆಂಟಿ ತಾರಸಿಯಿಂದ ಇದನ್ನು ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡರು.

"ಎನ್ನ ಸಾರ್, ಕಂಪ್ಯೂಟರ್‌ಗೆ ಡೈಲಿ ಮಂಗಳಾರತಿನಾ?"

"ಅಲ್ಲಮ್ಮ, ಕಲರ್ ಚೆಕ್ ಮಾಡ್ತಿದೀನಿ," ಎಂದು ಚಿಕ್ಕಪ್ಪ ಎಷ್ಟು ಹೇಳಿದರೂ ಆಕೆ ನಂಬಲಿಲ್ಲ. ಮುಂದಿನ ಶುಕ್ರವಾರ ತಮ್ಮ ಮಗಳ ಲ್ಯಾಪ್‌ಟಾಪನ್ನೂ ಒಂದು ತೆಂಗಿನಕಾಯಿಯನ್ನೂ ಹೊತ್ತು ತಂದರು. "ನಮ್ದುಕ್ಕೂ ಸ್ವಲ್ಪ ಮಾಡ್ಕೊಡಿ ಸಾರ್, ತುಂಬಾ ಹ್ಯಾಂಗ್ ಆಗ್ತಾ ಇದೆ." ಬೇಡ ಅನ್ನಲು ಬಾಯಿ ಬಾರದೆ ಚಿಕ್ಕಪ್ಪ ಅದಕ್ಕೂ ತಟ್ಟೆ ಆಡಿಸಿದರು. ಅದು ಹ್ಯಾಂಗ್ ಆಗುವುದು ನಿಂತೇಹೋಯಿತು!

ಇನ್ನು ಫೋಟೋ ಜೋಡಿಸಿಡುವ ಕ್ರಮ. ಲೋಕದವರೆಲ್ಲ ಫೋಲ್ಡರಿಗೆ ದಿನಾಂಕ ಹಾಕುತ್ತಾರೆ. ಚಿಕ್ಕಪ್ಪನಿಗೆ ದಿನಾಂಕ ನೆನಪಿರುವುದಿಲ್ಲ, ತಿಂಡಿ ಮರೆಯುವುದಿಲ್ಲ. ಹಾಗಾಗಿ ಅವತ್ತಿನ ತಿಂಡಿಯೇ ಅವತ್ತಿನ ಫೋಲ್ಡರಿನ ಹೆಸರು. ಕೆರೆಯ ಹಕ್ಕಿಗಳು 'ಅವರೆಕಾಳು ಉಪ್ಪಿಟ್ಟು' ಫೋಲ್ಡರಿನಲ್ಲಿವೆ. ನಾನು ಡಿಗ್ರಿ ತೆಗೆದುಕೊಂಡದ್ದು 'ಪುಳಿಯೋಗರೆ ಎರಡು' ಎಂಬುದರಲ್ಲಿದೆ. ಒಂದು ಸಲ ಚಿಕ್ಕಮ್ಮನ ಕಣ್ಣಿಗೆ 'ಇಡ್ಲಿ, ಸ್ವಲ್ಪ ಗಟ್ಟಿ' ಎಂಬ ಫೋಲ್ಡರು ಬಿತ್ತು ನೋಡಿ! ಮಾರನೆಯ ದಿನ ಆ ಮನೆಯಲ್ಲಿ ಒಲೆಯೇ ಹತ್ತಲಿಲ್ಲ. ಆ ದಿನದ ಫೋಲ್ಡರು ಈಗಲೂ ಇದೆ, ಅದರ ಹೆಸರು 'ಏನೂ ಇಲ್ಲ'.

ಆದರೆ ಚಿಕ್ಕಪ್ಪನ ಆಜನ್ಮ ಶತ್ರು ಎಂದರೆ ಕರೆಂಟಿನ ತಂತಿ. ನಮ್ಮ ಕಡೆಯ ಬೀದಿಗಳಲ್ಲಿ ತಲೆ ಎತ್ತಿದರೆ ಆಕಾಶಕ್ಕಿಂತ ತಂತಿಯೇ ಜಾಸ್ತಿ ಅಲ್ಲವೇ? ಒಮ್ಮೆ ಹಲಸೂರಿನ ಹಳೆಯ ಬೀದಿಯೊಂದರ ಬೆಳಗನ್ನು ಸೊಗಸಾಗಿ ಸೆರೆಹಿಡಿದು, ಒಂದೊಂದೇ ತಂತಿಯನ್ನು ನಾಲ್ಕು ದಿನ ಕೂತು ಅಳಿಸಿದರು. ಎಂಥ ನೀಲಿ, ಎಂಥ ಬೆಳಕು! ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ತಗುಲಿಸಿದ ಮೇಲೆ ಚಿಕ್ಕಮ್ಮ ಕಾಫಿ ಹಿಡಿದು ಬಂದು ದಿಟ್ಟಿಸಿದರು. ತಂತಿಯ ಮೇಲೆ ಕೂತಿದ್ದ ಎಂಟು ಪಾರಿವಾಳಗಳು ಹಾಗೇ ಉಳಿದುಬಿಟ್ಟಿದ್ದವು. ಏನೂ ಇಲ್ಲದ ಆಕಾಶದಲ್ಲಿ, ಸಾಲಾಗಿ, ಕಾಲು ಮಡಚಿಕೊಂಡು, ನೆಮ್ಮದಿಯಾಗಿ ಕೂತಿದ್ದವು!

"ಪಾಪ ರೀ," ಎಂದರು ಚಿಕ್ಕಮ್ಮ, "ಕೂತ್ಕೊಳ್ಳೋಕಾದ್ರೂ ಏನಾದ್ರೂ ಬಿಡಬಾರ್ದಿತ್ತಾ?"

ಪಾರಿವಾಳ ಹೋಗಲಿ, ಅವು ಬಂದು ಜಗಳವಾಡುವುದಿಲ್ಲ. ಅಮ್ಮೀಜಾನ್ ಪ್ರಸಂಗ ಹಾಗಲ್ಲ. ಚಿಕ್ಕಪ್ಪ ಕೆಲಸ ಮಾಡುವ ಅಂಗಡಿಯ ಮಾಲೀಕರು, ಎಲ್ಲರೂ ಸಾಹೇಬರು ಎಂದು ಕರೆಯುವವರು, ರಿಚರ್ಡ್ಸ್ ಟೌನಿನ ತಮ್ಮ ಮನೆಯಲ್ಲಿ ಈದ್ ದಿನ ಚಿಕ್ಕಪ್ಪನಿಂದ ಒಂದು ಫ್ಯಾಮಿಲಿ ಫೋಟೋ ಹೊಡೆಸಿದರು. ನಡುವೆ ಸೋಫಾದಲ್ಲಿ ಅವರ ವಯಸ್ಸಾದ ತಾಯಿ ಅಮ್ಮೀಜಾನ್, ಸುತ್ತ ಮಕ್ಕಳು ಮೊಮ್ಮಕ್ಕಳು. ಎರಡು ದಿನ ಬಿಟ್ಟು ಸಾಹೇಬರು ಫೋನ್ ಮಾಡಿ, "ಆ ಫೋಟೋದಲ್ಲಿ ನಮ್ದು ಅಮ್ಮೀನ ತೆಗ್ದು ದೊಡ್ದು ಮಾಡಿ ಕೊಡಿ ಭಾಯ್," ಅಂದರು.

ಅವರ ಅರ್ಥ, ಅಮ್ಮಿಯ ಚಿತ್ರವೊಂದನ್ನೇ ಬಿಡಿಸಿ ತೆಗೆದು ದೊಡ್ಡದು ಮಾಡಿ ಎಂದು. ಚಿಕ್ಕಪ್ಪ ಹನ್ನೊಂದು ಸೆಕೆಂಡಿನಲ್ಲಿ ಅಮ್ಮಿಯನ್ನು ತೆಗೆದುಹಾಕಿ, ಉಳಿದದ್ದನ್ನು ದೊಡ್ಡದು ಮಾಡಿದರು! ಅನುಮಾನ ಬರಲಿಲ್ಲವೇ ಎಂದು ಆಮೇಲೆ ನಾನು ಕೇಳಿದೆ. "ಬಂತು. ಆದ್ರೆ ದೊಡ್ಡೋರ ಮನೆ ವಿಷ್ಯ, ಅತ್ತೆ-ಸೊಸೆ ಏನಿದೆಯೋ ಏನೋ, ನಾವ್ಯಾಕೆ ಕೆದಕೋದು ಅಂದ್ಕೊಂಡೆ," ಅಂದರು.

ಫ್ರೇಮು ಹಾಕಿಸಿ ತಾವೇ ಹೊತ್ತುಕೊಂಡು ಹೋದರು. ಕಾಗದ ಬಿಚ್ಚಿದವರು ಸಾಕ್ಷಾತ್ ಅಮ್ಮೀಜಾನ್. ಕನ್ನಡಕ ಏರಿಸಿ, ಇಳಿಸಿ, ಫ್ರೇಮಿನ ಹಿಂಬದಿಯನ್ನೂ ತಿರುಗಿಸಿ ನೋಡಿದರು. ಆಮೇಲೆ ಮಗುವಿನ ದನಿಯಲ್ಲಿ, "ಮೈ ಕಾಂ ಗಯೀ ರೇ?" ಎಂದರು. ನಾನೆಲ್ಲಿ ಹೋದೆನೋ ಎಂದು! ಸಾಹೇಬರ ಮುಖದಲ್ಲಿ ಒಂದು ತೊಟ್ಟು ರಕ್ತವಿಲ್ಲ. ಚಿಕ್ಕಪ್ಪ ಗಡಿಬಿಡಿಯಲ್ಲಿ, "ಸೋಫಾದ ಹೂವೆಲ್ಲಾ ನಾನೇ ಬಿಡಿಸಿದ್ದು, ಗೊತ್ತೇ ಆಗಲ್ಲ ನೋಡಿ," ಎಂದುಬಿಟ್ಟರು. ಅಮ್ಮೀಜಾನ್ ಮೊದಲು ಬಿಕ್ಕಿದರು, ಎಲ್ಲರೂ ಅಳು ಎಂದುಕೊಂಡರು. ಅದು ನಗು. ಸೋಫಾದ ಮೇಲೆ ಉರುಳಾಡಿ ನಕ್ಕರಂತೆ. ಆ ಫೋಟೋ ಬದಲಾಯಿಸಲು ಬಿಡದೆ ಹಾಗೇ ಗೋಡೆಗೆ ಹಾಕಿಸಿಕೊಂಡಿದ್ದಾರೆ, ಬಂದವರಿಗೆಲ್ಲ ತೋರಿಸುತ್ತಾರೆ. ಚಿಕ್ಕಪ್ಪನಿಗೆ ಮಾತ್ರ ಬುದ್ಧಿ ಬಂತು. ಅಂದಿನಿಂದ ಯಾರು ಏನು ಹೇಳಿದರೂ ಮೊದಲು ಅವರ ಪ್ರಶ್ನೆ ಒಂದೇ: "ಸರಿಯಾಗಿ ಹೇಳಿ. ತೆಗೀಲಾ, ತೆಗ್ದಾಕ್ಲಾ?"

ಈಗ ನನ್ನ ಫೋಟೋ. ಒಂದು ಭಾನುವಾರ ಬೆಳಿಗ್ಗೆ ನಾನೂ ಅಮ್ಮನೂ ಕೆ.ಆರ್. ಪುರದಿಂದ ಮೆಟ್ರೋ ಹಿಡಿದು ಜೋಗುಪಾಳ್ಯಕ್ಕೆ ಹೋದೆವು. ತಿಂಡಿಯಾಯಿತು. ಚಿಕ್ಕಪ್ಪ ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿ ಹತ್ತಾರು ಫೋಟೋ ತೆಗೆದರು. ನಾನು ಅಭ್ಯಾಸದಂತೆ ಎಡಗೆನ್ನೆಯನ್ನು ಆ ಕಡೆ ತಿರುಗಿಸುವುದು, ಅವರು ಗದ್ದ ಹಿಡಿದು ಈ ಕಡೆ ತಿರುಗಿಸುವುದು. ಕೊನೆಗೆ ಅಮ್ಮ ದನಿ ತಗ್ಗಿಸಿ, "ಅದೊಂದು ತೆಗ್ದಾಕಿಬಿಡಪ್ಪಾ. ಹುಡುಗನಿಗೆ ಆಮೇಲೆ ನಾವೇ ಹೇಳಿದ್ರಾಯ್ತು," ಅಂದಳು.

"ನೋಡೋಣ ಅತ್ತಿಗೆ," ಅಂದರು ಚಿಕ್ಕಪ್ಪ. ತಮ್ಮ ಮಾಮೂಲಿ ಪ್ರಶ್ನೆಯನ್ನು ಅವತ್ತು ಕೇಳಲೇ ಇಲ್ಲ. ನಾನು ಅದನ್ನು ಗಮನಿಸಬೇಕಿತ್ತು.

ಒಂದು ವಾರವಾಯಿತು. ಪೆನ್ನು ಕೆಟ್ಟಿದೆ ಅಂದರು. ಎರಡು ವಾರವಾಯಿತು. ಕರೆಂಟಿಲ್ಲ ಅಂದರು. ಮೂರನೆಯ ವಾರ ಫೋನಿನಲ್ಲಿ, "ಆಗ್ಲಿಲ್ಲ ಅತ್ತಿಗೆ, ನನ್ ಕೈಲಿ ಬರ್ತಿಲ್ಲ," ಅಂದುಬಿಟ್ಟರು. ಇಡೀ ಪಕ್ಷದ ಮುಖಂಡರನ್ನು ಅಳಿಸಿದ ಮಹಾನುಭಾವರಿಗೆ ನಿಪ್ಪಟ್ಟಿನಗಲದ ಮಚ್ಚೆ ಬರುವುದಿಲ್ಲವಂತೆ! ಅಮ್ಮ ಕಣ್ಣೀರು ಹಾಕಿದಳು. ಹುಡುಗನ ಮನೆಯವರು ಎರಡು ಸಲ ಕೇಳಿಯಾಗಿತ್ತು. ನನಗೆ ಮೈಯೆಲ್ಲ ಉರಿಯಿತು. ಆ ಶನಿವಾರ ಶಾಲೆ ಮುಗಿದದ್ದೇ ಸೀದಾ ಅವರ ಮನೆಗೆ ಹೋದೆ.

"ಚಿಕ್ಕಪ್ಪ, ನಿಜ ಹೇಳಿ. ನಿಮಗೆ ಬರಲ್ವಾ?"

"ಬರುತ್ತೆ," ಅಂದರು. "ನಿಮ್ಮಮ್ಮನ ಎದುರಿಗೆ ಮಾಡಲ್ಲ ಅನ್ನೋ ಧೈರ್ಯ ಸಾಲಲಿಲ್ಲ. ಅದಕ್ಕೆ ಬರಲ್ಲ ಅಂದೆ." ಆಮೇಲೆ ಲ್ಯಾಪ್‌ಟಾಪು ತೆರೆದು ಅಡುಗೆಮನೆಯ ಕಡೆ ಕೂಗಿದರು, "ಅವತ್ತು ಇವರು ಬಂದಾಗ ತಿಂಡಿ ಏನೇ?"

"ಶಾವಿಗೆ ಉಪ್ಪಿಟ್ಟು! ಉಪ್ಪು ಸರಿಯಾಗಿತ್ತು ಅಂತಾನೂ ಬರೀರಿ!"

ಫೋಲ್ಡರು ಸಿಕ್ಕಿತು, ನನ್ನ ಮುಖ ಬಂತು. ಚಿಕ್ಕಪ್ಪ ಪೆನ್ನು ಹಿಡಿದರು. ಹನ್ನೊಂದು ಸೆಕೆಂಡೂ ಹಿಡಿಯಲಿಲ್ಲ. "ನೀನೇ ನೋಡ್ಕೋ," ಎಂದು ಕುರ್ಚಿ ಬಿಟ್ಟು ಎದ್ದರು.

ನಾನು ಬಾಳೆಹಣ್ಣಿನ ಡಬ್ಬದೊಳಗೆ ತಲೆ ಹಾಕಿದೆ. ಎರಡೂ ಕೆನ್ನೆ ಒಂದೇ ಬಣ್ಣದ ಹುಡುಗಿಯೊಬ್ಬಳು ನನ್ನ ಸೀರೆ ಉಟ್ಟು ಕೂತಿದ್ದಳು. ಚೆನ್ನಾಗಿದ್ದಳು. ತುಂಬಾ ಚೆನ್ನಾಗಿದ್ದಳು. ಹದಿನೆಂಟು ವರ್ಷ ನಾನು ಕನ್ನಡಿಯ ಮುಂದೆ ನಿಂತು ಬೇಡಿಕೊಂಡದ್ದು ಇವಳನ್ನೇ. ಆದರೆ ಅವಳ ನಗುವಿನಲ್ಲಿ ನಾನೆಲ್ಲೂ ಇರಲಿಲ್ಲ. ಹುಡುಕಿದೆ, ಮತ್ತೆ ಮತ್ತೆ ಹುಡುಕಿದೆ. ನನಗೇ ತಿಳಿಯದಂತೆ ಬಾಯಿಂದ ಬಂದದ್ದು ಅಮ್ಮೀಜಾನ್ ಮಾತು. "ಮೈ ಕಾಂ ಗಯೀ ರೇ?" ಅಮ್ಮೀಜಾನರಿಗೆ ನಗು ಬಂದಿತ್ತು. ನನಗೆ ಬರಲಿಲ್ಲ. ಆ ರಟ್ಟಿನ ಡಬ್ಬದೊಳಗೇ ಕೂತು ಗೊಳೋ ಎಂದು ಅತ್ತೆ.

ಡಬ್ಬದ ಹೊರಗಿನಿಂದ ಚಿಕ್ಕಪ್ಪನ ದನಿ ಕೇಳಿಸಿತು. "ಅದು ಸಾಸಿವೆ ಕಾಳಷ್ಟಿದ್ದಾಗಿಂದ ನಿನ್ನ ಫೋಟೋ ತೆಗೀತಾ ಇದೀನಿ ಪುಟ್ಟಿ. ನಿನ್ ಹಿಂದೆ ಎಷ್ಟು ತಂತಿ ತೆಗ್ದಾಕಿದೀನಿ, ಎಷ್ಟು ಕಸದ ಡಬ್ಬ ತೆಗ್ದಾಕಿದೀನಿ. ಅದೊಂದನ್ನ ಒಂದಿನಾನೂ ಮುಟ್ಟಿಲ್ಲ. ಅದಿಲ್ದೆ ಇದ್ರೆ ಯಾರೋ ಬೇರೆ ಹುಡುಗಿ, ನಂಗೆ ಗೊತ್ತಿಲ್ಲ ಅವಳು. ಬೇಕು ಅಂದ್ರೆ ಹಾಗೇ ಕೊಡ್ತೀನಿ, ನಿನ್ ಮುಖ, ನಿನ್ನಿಷ್ಟ." ಆಮೇಲೆ ತೀರ ಮೆಲ್ಲಗೆ ಕೇಳಿದರು. "ಈಗ ಸರಿಯಾಗಿ ಹೇಳು. ತೆಗೀಲಾ, ತೆಗ್ದಾಕ್ಲಾ?"

ನಾನು ಕಣ್ಣೊರೆಸಿಕೊಂಡು, ಕಂಟ್ರೋಲ್ ಮೇಲೆ ಒಂದು ಬೆರಳು, ಚಿಕ್ಕಮ್ಮನ ಬಿಂದಿಯ ಮೇಲೆ ಒಂದು ಬೆರಳು ಇಟ್ಟು ಒತ್ತಿದೆ. ಮಚ್ಚೆ ಬಂದು ತನ್ನ ಜಾಗದಲ್ಲಿ ಕೂತಿತು. ಅದನ್ನು ನೋಡಿ ನನಗೆ ಸಂತೋಷವಾದದ್ದು ಜೀವಮಾನದಲ್ಲಿ ಅದೇ ಮೊದಲು.

"ತೆಗೀರಿ ಚಿಕ್ಕಪ್ಪ," ಅಂದೆ. "ಹೊಸದಾಗಿ ಇನ್ನೊಂದು ತೆಗೀರಿ."

ಅತ್ತು ಊದಿದ ಕಣ್ಣಿನಲ್ಲೇ ಕಿಟಕಿಯ ಪಕ್ಕ ಕೂತೆ. ಈ ಸಲ ಗದ್ದ ಹಿಡಿದು ತಿರುಗಿಸುವ ಕೆಲಸ ಅವರಿಗಿರಲಿಲ್ಲ. ಅಮ್ಮ ಎರಡು ದಿನ ನಮ್ಮಿಬ್ಬರೊಂದಿಗೂ ಮಾತು ಬಿಟ್ಟು, ಮೂರನೆಯ ದಿನ ಅದೇ ಫೋಟೋ ಕಳಿಸಿದಳು. ಉತ್ತರ ಇನ್ನೂ ಬಂದಿಲ್ಲ, ಬಂದಾಗ ಬರಲಿ. ಫೋಟೋದಲ್ಲಿ ನನ್ನ ಮಚ್ಚೆ ಇದೆ, ಹಿಂದೆ ಕಿಟಕಿಯಾಚೆ ಕರೆಂಟಿನ ತಂತಿಯೂ ಇದೆ. ಇದನ್ನು ಹೇಗೆ ಬಿಟ್ಟಿರಿ ಎಂದು ಕೇಳಿದರೆ ಚಿಕ್ಕಪ್ಪ, "ಪಾರಿವಾಳ ಕೂತಿತ್ತು ಕಣೇ, ಪಾಪ," ಅಂದರು.