ತೂತು ಅಳಿಸುವ ಕಾಕಾ

ನಮ್ಮ ಕಾಕಾನ ಕೈಗೆ ಜರಡಿ ಕೊಟ್ಟರೆ ತಾಟು ಮಾಡಿ ವಾಪಸು ಕೊಟ್ಟಾರು!

ತಮಾಷೆಯಲ್ಲ, ಅವರ ಉದ್ಯೋಗವೇ ಅದು. ಉಮದಿಯ ಮನೆಯಲ್ಲಿ ಕೂತು ಪುಣೆಯ ಕಂಪನಿಯೊಂದಕ್ಕೆ ಯಂತ್ರಗಳ ಕಂಪ್ಯೂಟರ್ ನಕ್ಷೆಗಳನ್ನು ‘ಸ್ವಚ್ಛ’ ಮಾಡುತ್ತಾರೆ. ಭಾರ ಬಿದ್ದರೆ ಯಂತ್ರ ಎಲ್ಲಿ ಬಾಗುತ್ತದೆ, ಎಲ್ಲಿ ಬಿರಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕಲು ಕಂಪ್ಯೂಟರು ನಕ್ಷೆಯ ಮೇಲೆಲ್ಲ ಬಲೆಯಂಥ ಜಾಲರಿ ಹೊದಿಸುತ್ತದಂತೆ. ಸಣ್ಣ ತೂತು, ದುಂಡಗಿನ ಅಂಚು, ಕೆತ್ತಿದ ಅಕ್ಷರ ಬಂದಲ್ಲೆಲ್ಲ ಜಾಲರಿ ಗಂಟುಬೀಳುತ್ತದೆ. ಅದಕ್ಕೇ ಕಾಕಾ ಅವನ್ನೆಲ್ಲ ಅಳಿಸುತ್ತಾರೆ.

ದರಿಬಡಚಿಯಿಂದ ಬಂದಿದ್ದ ಬೀಗರೊಬ್ಬರು ಇದನ್ನು ಗಂಭೀರವಾಗಿ ಕೇಳಿ, “ಅಂದ್ರ, ಇದ್ದದ್ದನ್ನ ಇಲ್ಲದಂಗ ಮಾಡ್ತೀರಿ. ಅದಕ್ಕ ಪಗಾರ ಬ್ಯಾರೆ ಕೊಡ್ತಾರೇನ್ರಿ?” ಎಂದರು. ಅವರಿಗೆ ಎರಡನೇ ಕಪ್ಪು ಚಹಾ ಸಿಗಲಿಲ್ಲ!

ನನ್ನ ತಂಗಿಯ ಬಯೋಡಾಟಾ ಫೋಟೋ ಇವರ ಕೈಗೆ ಸಿಕ್ಕಿದ್ದು ಯಾರ ಗ್ರಹಚಾರವೋ! ಮಚ್ಚೆ ಹೋಯಿತು, ಕೆನ್ನೆಯ ಗುಳಿ ಹೋಯಿತು, ಮೂಗಿನ ಡೊಂಕೂ ನೆಟ್ಟಗಾಯಿತು. ಹೆಣ್ಣು ನೋಡಲು ಬಂದ ಗಂಡಿನ ತಾಯಿ ತಂಗಿಯ ಕೈಯಿಂದ ಚಹಾ ತೆಗೆದುಕೊಂಡು, “ಚಲೋ ಆತು, ಇನ್ನ ಹುಡುಗೀನ ಕರೀರಿ” ಎಂದರು!

ಇಂಥವರಿಗೆ ನಮ್ಮವ್ವನ ಗಾಲಿಕುರ್ಚಿಯ ಕೆಲಸ ವಹಿಸಿದೆವಲ್ಲ, ನಮ್ಮ ಬುದ್ಧಿಗೇನು ಹೇಳಬೇಕು? ಮೊಣಕಾಲು ಸವೆದು ಅವ್ವ ಹೊರಗೆ ಕಾಲಿಟ್ಟು ವರ್ಷವಾಗಿತ್ತು. ಅಂಗಡಿಯ ಕುರ್ಚಿ ನಮ್ಮ ಕಲ್ಲಿನ ಅಂಗಳದಲ್ಲಿ ಉರುಳುತ್ತಿರಲಿಲ್ಲ. ಕಾಕಾ ತಾವೇ ದೊಡ್ಡ ಗಾಲಿಯದೊಂದು ನಕ್ಷೆ ತೆಗೆದರು. ಜಾಲರಿ ಹೊದಿಸಿ, ಲೆಕ್ಕ ಹಾಕಿ, “ಮೂರು ಮಂದಿ ಕುಂತ್ರೂ ಬಾಗೂದಿಲ್ಲ” ಎಂದು ಮೀಸೆ ತಿರುವಿದರು. ಆಮೇಲೆ ಜತ್ತದ ವರ್ಕ್‌ಶಾಪಿಗೆ ಅಸಲು ನಕ್ಷೆಯ ಬದಲು ಅಳಿಸಿದ ನಕ್ಷೆಯನ್ನೇ ಕಳಿಸಿಬಿಟ್ಟರು!

ವಾರದ ನಂತರ ವರ್ಕ್‌ಶಾಪಿನವನ ಫೋನು. “ಸಾಹೇಬ್ರ, ನಕ್ಷಾದಾಗ ಇದ್ದಂಗ ಎಲ್ಲಾ ಕತ್ತರಿಸೀನ್ರಿ. ಒಂದೂ ತೂತಿಲ್ಲ. ಗಾಲಿ ಅಂಟು ಹಾಕಿ ಹಚ್ಚಲೇನ್ರಿ?”

ಮನೆಯವರೆಲ್ಲ ನಕ್ಕರು. ನಾನು ಸುಮ್ಮನಿರದೆ, “ಕಾಕಾ, ಅವ್ವನ್ನೂ ಅಳಿಸಿಬಿಡ್ರಿ, ಕುರ್ಚಿನ ಬ್ಯಾಡ!” ಎಂದೆ.

ಕಾಕಾ ತಟ್ಟನೆ ಎದ್ದರು. ಚಪ್ಪಲಿ ಮೆಟ್ಟಿ ಜತ್ತದ ಬಸ್ಸು ಹತ್ತಿದರು. ಇಡೀ ದಿನ ವರ್ಕ್‌ಶಾಪಿನಲ್ಲಿ ನಿಂತು, ಪ್ರತಿ ತೂತನ್ನೂ ತಾವೇ ಕೊರೆದು, ಸಂಜೆ ಟೆಂಪೋದಲ್ಲಿ ಕುರ್ಚಿ ತಂದರು.

ಅವ್ವನನ್ನು ಎತ್ತಿ ಕೂರಿಸಿದೆವು. ಯಾರ ನೆರವೂ ಇಲ್ಲದೆ ಗಾಲಿ ದೂಡಿಕೊಂಡು ಅಂಗಳದ ಬೇವಿನ ಮರದವರೆಗೆ ಹೋದಳು. ಅಲ್ಲಿಂದ ಕಾಕಾನನ್ನು ಕರೆದಳು.

“ಬಾ ಇಲ್ಲೆ. ಕೈ ತೋರ್ಸು.”

“ಏನಿಲ್ಲ ವೈನಿ...” ಕಾಕಾ ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟರು.

ತಾಯಿ ತೀರಿದಾಗ ನಾಲ್ಕು ವರ್ಷದವರಾಗಿದ್ದ ಕಾಕಾನನ್ನು ಸಾಕಿದವಳು ಅತ್ತಿಗೆಯಾದ ನಮ್ಮವ್ವ. ಈಗಲೂ ಬಿಡಲಿಲ್ಲ. ಕೈ ಎಳೆದು, ಬೊಬ್ಬೆ ಎದ್ದ ಅಂಗೈಯನ್ನು ಬಾಯಿ ಹತ್ತಿರ ತಂದು ಮೆಲ್ಲಗೆ ಊದಿದಳು.

ನಾನು ಬೊಬ್ಬೆಗೆ ಹಚ್ಚಲು ಬೆಣ್ಣೆ ತರುವ ನೆವದಲ್ಲಿ ಒಳಗೆ ಹೋದೆ.